ಮೊಳಕೈ ಹಿಡಿಯುವವಳು

ಸಿದ್ದಾಪುರದ ದವಾಖಾನೆಯ ಜಗಲಿಯಲ್ಲಿ ಚಳಿಜ್ವರದವರ ಸಾಲು ಕರಗುವಂತಿರಲಿಲ್ಲ. ಗಾಡಿ ಹೊಡೆಯುವ ರಸೂಲ್ ಔಷಧಿಗೆಂದು ತಂದ ಖಾಲಿ ಸೀಸೆ ಹಿಡಿದು ಕೂತಿದ್ದ. ಮುಂದೆ ಕೂತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಈ ನಿಶ್ಶಕ್ತಿಯಲ್ಲೂ ಗೋಡೆಗೆ ಹಸೆ ಚಿತ್ತಾರ ಬರೀತಿಯಂತಲ್ಲೇ ಚೌಡಿ?” ಎಂದಳು ಮುದುಕಿ.

“ನೀವೇ ಹೇಳಿಕೊಟ್ಟಿದ್ದಲ್ದಾ ಅತ್ತೆ? ಸುಸ್ತಾದ್ರೆ ಮಣೆ ಹಾಕ್ಕಂಡು ಕೂತ್ಕ, ದಿನಕ್ಕೆ ಒಂದೇ ಎಳೆ ಬರಿ, ಹಾಡು ಗುನುಗ್ತಾ ಬರಿ ಅಂತ. ಹಾಗೇ ಬರೀತೆ. ಮನಸ್ಸು ಹಗುರಾಗ್ತದೆ.”

“ಕೈ ನಡುಗೂದಿಲ್ವಾ?”

“ಇಲ್ಲ. ಬಂಗಾರಿ ಮೊಳಕೈ ಹಿಡ್ಕಳ್ತಾಳೆ.”

ಮುದುಕಿ ಎಲೆ ಅಗಿಯುವುದನ್ನು ನಿಲ್ಲಿಸಿದಳು.

“ನಿನ್ನ ತಂಗಿ ಸತ್ತು ವರ್ಷ ಆತು.”

“ಜ್ವರ ಏರಿದಾಗ ಬತ್ತಾಳೆ. ತನ್ನ ಮದುವೆಗೆ ಬರೀತಿದ್ದ ಹಸೆ ಅರ್ಧಕ್ಕೇ ನಿಂತದೆ ಅಂತಾಳೆ.”

“ಸೀಸೆ ಎಲ್ಲಿ?”

“ಮಡಿಲಲ್ಲಿದೆ. ಔಷಧಿ ಬ್ಯಾಡ ಅತ್ತೆ. ಜ್ವರ ಬಿಟ್ರೆ ಅವಳೂ ಬಿಟ್ಟು ಹೋಗ್ತಾಳೆ.”

ಈಗ ಬೈಗುಳ ಬೀಳುತ್ತದೆಂದು ರಸೂಲ್ ಕಾದ. ಮುದುಕಿ ಬೈಯಲಿಲ್ಲ.

“ನಿಂಗೆ ಸುಸ್ತು ಅಂತ ಅವಳನ್ನ ಎಷ್ಟು ದಿನ ದುಡಿಸ್ತೀಯೆ? ಸತ್ತವರಿಗೂ ಕೈ ಸೋಲ್ತದೆ ಮಗಾ. ಅವಳೂ ಒಂಚೂರು ಮಲಗಲಿ.”

ಚೌಡಿ ಮಡಿಲಿಂದ ಸೀಸೆ ತೆಗೆದಳು.

ಕಂಪೌಂಡರ್ ಕೂಗಿದ. ಇಬ್ಬರೂ ಎದ್ದು ಔಷಧಿಯ ಕಿಟಕಿಯತ್ತ ನಡೆದರು, ನಡುವೆ ಇನ್ನೊಬ್ಬಳು ನಡೆಯುವಷ್ಟು ಜಾಗ ಬಿಟ್ಟು. ಹಿಂದಿನವರು ಎಷ್ಟು ನೂಕಿದರೂ ರಸೂಲ್ ಆ ಜಾಗವನ್ನು ತುಳಿಯಲಿಲ್ಲ.