ಎತ್ತಿನ ಮುಂದೆ ಟವಲು ಬೀಸಿದವನ ಫೋಟೋ

ತಿಮ್ಮೇಶ ಬಿನ್ ಅಂದಾನಯ್ಯ, ೩೬ ವರ್ಷ, ಫೋಟೋ ಸ್ಟುಡಿಯೋ ಕಸುಬು, ಪಾಂಡವಪುರ ಟೌನ್ ವಾಸಿಯಾದ ನಾನು ಪೊಲೀಸ್ ಠಾಣೆಗೆ ಖುದ್ದು ಹಾಜರಾಗಿ ಬರೆಸುವುದೇನೆಂದರೆ,

ಹೋದ ವರ್ಷದ ಎತ್ತಿನ ಗಾಡಿ ಓಟದಲ್ಲಿ ಐವತ್ತು ಎಂ.ಎಂ. ಲೆನ್ಸ್ ಹಾಕಿಕೊಂಡು ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಎತ್ತುಗಳು ಮೈಮೇಲೆ ಬಂದು ಕೂದಲೆಳೆಯಲ್ಲಿ ಪಾರಾದೆ. ನಾನು ಮೊದಲೇ ಪುಕ್ಕಲ. ಈ ಸಲ ಮೈಸೂರಿನ ಅಂಗಡಿಯವರು ಓಟಕ್ಕೆ ಇನ್ನೂರು ಎಂ.ಎಂ. ಸಾಕು ಎಂದರೂ ಕೇಳದೆ, ಇನ್ನೂ ದೂರ ನಿಲ್ಲಬಹುದೆಂದು ದೂರದ್ದನ್ನು ಹತ್ತಿರ ತೋರಿಸುವ ಮುನ್ನೂರರ ಲೆನ್ಸನ್ನೇ ಬಾಡಿಗೆಗೆ ತಂದೆ.

ದಿನಾಂಕ ೧೮-೨-೯೬ರ ಭಾನುವಾರ ಸಂಜೆ ೪ ಗಂಟೆಗೆ ಕ್ಯಾತನಹಳ್ಳಿ ನಾಗರಾಜುವಿನ ಎಡಗಡೆಯ ಎತ್ತು ಮುಗ್ಗರಿಸಿ ಗಾಡಿ ಮಗುಚಿತು. ಗಾಡಿ ಹೊಡೆಯುತ್ತಿದ್ದ ಅವನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ನಾನು ಎದುರಿಗೆ ಮುನ್ನೂರು ಅಡಿ ದೂರದ ಬದುವಿನ ಮೇಲಿದ್ದೆ. ಹೊಸಹೊಳಲಿನ ಕುಮಾರ ಎತ್ತಿಗಿಂತ ಅರವತ್ತು ಅಡಿ ಮುಂದೆ, ಓಣಿಯ ಅಂಚಿನಲ್ಲಿ, ಜನರನ್ನು ಸರಿಸಲು ಟವಲು ಬೀಸುತ್ತಿದ್ದ. ಆದರೆ ಆ ಲೆನ್ಸು ಹಿಂದುಮುಂದಿನವರನ್ನು ಒಟ್ಟಿಗೆ ತಂದು ನಿಲ್ಲಿಸುತ್ತದೆ. ಫೋಟೋದಲ್ಲಿ ಟವಲು ಎತ್ತಿನ ಕಣ್ಣಿಗೇ ಬಡಿದ ಹಾಗಿದೆ. ನನಗೆ ಅದು ಹೊಳೆಯಲಿಲ್ಲ. ಚೆನ್ನಾಗಿ ಬಂದಿದೆಯೆಂಬ ಜಂಬದಲ್ಲಿ ಮಂಗಳವಾರ ಅಂಗಡಿಯ ಗಾಜಿಗೆ ಅಂಟಿಸಿದೆ.

ಈ ದಿನ ಮಧ್ಯಾಹ್ನ ೩ ಗಂಟೆಗೆ ನಾಗರಾಜುವಿನ ಅಣ್ಣ ಚಿಕ್ಕಸ್ವಾಮಿ ನಾಲ್ಕು ಜನರೊಂದಿಗೆ ಬಂದು ಅಂಗಡಿಯ ಶೆಟರ್ ಅರ್ಧ ಎಳೆದು, ಕುಮಾರನೇ ಎತ್ತು ಬೆದರಿಸಿದನೆಂದು ಊರ ಮುಂದೆ ಹೇಳಬೇಕೆಂದ. ಅರವತ್ತು ಅಡಿ ಅಂತರವಿತ್ತು ಎಂದೆ.

"ಫೋಟೋ ಸುಳ್ಳೇಳ್ತದೇನ್ಲಾ?" ಎಂದ.

ಬಾಯಿಮಾತಿಗೆ ಬಗ್ಗಲಿಲ್ಲವಾಗಿ ಕ್ಯಾಮರಾ ಹಿಡಿದು ಅವನನ್ನು ಬೀದಿಯ ತುದಿಗೆ ಕರೆದೊಯ್ದೆ. ನನ್ನ ಹೆಂಡತಿ ಸುನಿತಾಳನ್ನು ದೂರದ ಲೈಟುಕಂಬದ ಬಳಿ, ಅವನ ಕಡೆಯವನೊಬ್ಬನನ್ನು ಆಕೆಗಿಂತ ಅರವತ್ತು ಅಡಿ ಹಿಂದೆ ನಿಲ್ಲಿಸಿ, ಕೈ ಎತ್ತುವಂತೆ ಆಕೆಗೆ ಕೂಗಿ ಹೇಳಿದೆ. ಮುನ್ನೂರರ ಲೆನ್ಸಿನಲ್ಲಿ ಚಿಕ್ಕಸ್ವಾಮಿಗೆ ತೋರಿಸಿದಾಗ ಆಕೆಯ ಕೈ ಹಿಂದಿನವನ ಕೆನ್ನೆಗೇ ಬಿದ್ದಂತೆ ಕಂಡಿತು. ಚಿಕ್ಕಸ್ವಾಮಿ ಕ್ಯಾಮರಾದಿಂದ ಕಣ್ಣು ತೆಗೆದು ಬೀದಿಯನ್ನು ನೋಡಿದ, ಮತ್ತೆ ಕ್ಯಾಮರಾದಲ್ಲಿ ನೋಡಿದ. ಆಮೇಲೆ ನನ್ನ ಜೊತೆಗಲ್ಲ, ತನ್ನ ಕಡೆಯವರ ಜೊತೆ ಮಾತಾಡಿದ.

"ಅಂಗಾರೆ ಬೆಳಿಗ್ಗೆ ನಾವು ಬಡಿದಾಕಿದ್ದು ಯಾರ್ನ್ಲಾ?"

ನಾಗರಾಜುವಿನ ಯೋಗಕ್ಷೇಮ ಕೇಳಲು ಕುಮಾರ ಬೆಳಿಗ್ಗೆ ಕ್ಯಾತನಹಳ್ಳಿಗೆ ಹೋಗಿದ್ದಾಗ, ಫೋಟೋ ನಂಬಿ ಇವರು ಅವನನ್ನೇ ಹೊಡೆದಿದ್ದರಂತೆ. ಅವನನ್ನು ಎಲ್ಲಿ ಬಿಟ್ಟಿರಿ ಎಂದು ಕೇಳಿದ್ದಕ್ಕೆ ನಾಲೆಯ ಪಕ್ಕದ ಕಬ್ಬಿನ ಗದ್ದೆಯಲ್ಲಿ ಎಂದರು. ಉಸಿರಿತ್ತೇ ಎಂದು ಕೇಳಿದ್ದಕ್ಕೆ ನೋಡಲಿಲ್ಲ ಎಂದರು. ಒಬ್ಬನೇ ಹೋಗಿ ನೋಡಲು ಧೈರ್ಯ ಸಾಲದೆ ಇಲ್ಲಿಗೆ ಓಡಿ ಬಂದಿದ್ದೇನೆ.

ಬರೆದದ್ದನ್ನು ಓದಿ ಹೇಳುವುದು ಬೇಡ. ನಾನು ಹೇಳಿದ್ದೆಲ್ಲ ನಿಜ, ಈಗಲೇ ಸಹಿ ಹಾಕುತ್ತೇನೆ, ಮೊದಲು ಜೀಪು ಹೊರಡಲಿ.

ಸ್ಥಳ: ಪಾಂಡವಪುರ
ದಿನಾಂಕ: ೨೧-೨-೯೬, ಸಂಜೆ ೪-೧೦
(ಸಹಿ) ತಿಮ್ಮೇಶ