ಉಪ್ಪುನೀರು ನುಂಗದ ಮಾತು

ಮಾನ್ಯ ಅಧ್ಯಕ್ಷರೇ, ಬಂದರು ಮಂಡಳಿಯ ಹಿರಿಯರೇ, ಇಂದು ಸನ್ಮಾನಗೊಂಡಿರುವ ವಿಜ್ಞಾನಿಯವರೇ, ಅಂದರೆ ನನ್ನ ಮಗಳೇ, ಮುಂದಿನ ಮೆತ್ತನೆ ಕುರ್ಚಿಗಳಲ್ಲಿ ಕುಳಿತವರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ನನ್ನ ದೋಣಿಯವರೇ, ಸಮಸ್ತ ಸಭಿಕರೇ,

ನನಗೆ ಎರಡೇ ಮಾತು ಆಡಲು ಹೇಳಿದ್ದಾರೆ. ಮೀನುಗಾರರ ಸಂಘದ ಮುಖಂಡನಿಗೆ ಎರಡೇ ಮಾತು ಎಂದರೆ ಎಮ್ಮೆಗೆ ಎರಡೇ ಕಡ್ಡಿ ಹುಲ್ಲು ಹಾಕಿದಂತೆ. ಬಂದರಿನಲ್ಲಿ ನನ್ನನ್ನು ಮೈಕಾಸುರ ಎಂದು ಕರೆಯುತ್ತಾರೆ. ಹಾಗೆ ಕರೆಯುವವರಲ್ಲಿ ಮೊದಲನೆಯವಳು ನನ್ನ ಹೆಂಡತಿ.

ಈ ನನ್ನ ಮಗಳ ಸಂಶೋಧನೆಯ ಹಡಗು ಬಂದಾಗ ಅದನ್ನು ತಡೆದವನು ನಾನೇ. ಕಡಲಿಗೆ ಕರೆಂಟು ಬಿಡುತ್ತಾರೆ, ಮೀನೆಲ್ಲ ಬೆಂದು ತೇಲುತ್ತವೆ ಎಂದು ಯಾರೋ ಹೇಳಿದರು. ಯಾರು ಹೇಳಿದರು? ಈಗ ವಿಚಾರಿಸಿದರೆ ನಾನೇ ಹೇಳಿದ್ದು ಎನ್ನುತ್ತಾರೆ. ದೋಣಿಗಳನ್ನು ಅಡ್ಡ ಹಾಕಿದೆವು. ಗಂಟಲು ಹರಿಯುವಂತೆ ಧಿಕ್ಕಾರ ಕೂಗಿದೆ. ಹಡಗಿನ ಅಂಚಿನಲ್ಲಿ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದವಳು ಕೈಯಲ್ಲಿದ್ದ ಸ್ಪೀಕರಿನಲ್ಲಿ ಹೇಳಿದಳು: "ಅಪ್ಪಾ, ಎಂಜಿನ್ ಸದ್ದಿಗೆ ಒಂದಕ್ಷರ ಕೇಳ್ತಿಲ್ಲ. ಮನೆಗೆ ಬಂದ ಮೇಲೆ ಬೈಯಿ."

ನಮ್ಮವರೇ ನಕ್ಕುಬಿಟ್ಟರು. ಚಳವಳಿಯನ್ನು ಪೊಲೀಸರು ಮುರಿಯುತ್ತಾರೆ ಎಂದು ಕೇಳಿದ್ದೆ. ನನ್ನದನ್ನು ನನ್ನ ಮಗಳೇ ಮುರಿದಳು.

ಮನೆಯಲ್ಲಿ ಅಡುಗೆ ಕಟ್ಟೆಯ ಮೇಲೆ ಕುಳಿತು ನನಗೆ ಪಾಠ ಮಾಡಿದಳು. ಹಡಗು ಉದ್ದನೆಯ ಕೇಬಲ್ ಎಳೆಯುತ್ತ ಕಡಲ ತಳದ ಹತ್ತಿರ ವಿದ್ಯುತ್ತನ್ನು ಮಿಡಿಸುತ್ತದೆ. ತಳದ ಮೇಲೆ ಇಳಿಸಿಟ್ಟ ಪೆಟ್ಟಿಗೆಗಳು ಆ ಮಿಡಿತವನ್ನು ದೂರದಲ್ಲಿ ಹಿಡಿಯುತ್ತವೆ. ವೇಗವಾಗಿ ಮಿಡಿದದ್ದನ್ನು ಉಪ್ಪುನೀರು ಅಲ್ಲೇ ನುಂಗುತ್ತದೆ. ತೀರ ನಿಧಾನವಾಗಿ ಮಿಡಿದದ್ದು ಮಾತ್ರ ನೆಲದೊಳಗೆ ಇಳಿದು ದೂರ ಸಾಗುತ್ತದೆ. ಉಪ್ಪು ನೆನೆದ ಮಣ್ಣಿನಲ್ಲಿ ಅದೂ ಬೇಗ ಸೊರಗುತ್ತದೆ. ಸಿಹಿನೀರು ತುಂಬಿದ ಪದರ ಸಿಕ್ಕರೆ ಅಷ್ಟು ಸೊರಗದೆ ಆಚೆ ಮುಟ್ಟುತ್ತದೆ. ಹಾಗೆ ಮುಟ್ಟಿದ ಕಡೆ, ಕಡಲಡಿಯಲ್ಲೇ ಸಿಹಿನೀರು!

ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ತಿರುಗಿಯೂ ನೋಡದೆ ಕೇಳಿದಳು: "ಕೂಗಾಡಿದ್ದೆಲ್ಲ ಉಪ್ಪುನೀರಲ್ಲೇ ಸಾಯುತ್ತಂತೆ. ಕೇಳಿಸ್ಕೊಂಡ್ರಾ?"

ಕೇಳಿಸಿಕೊಂಡೆ. ಅರ್ಥವಾದದ್ದು ಮಾತ್ರ ಇವತ್ತು.

ಈಗಷ್ಟೇ ಅಧ್ಯಕ್ಷರು, ನನ್ನ ಮಗಳು ಹಾಗೆ ಪತ್ತೆ ಹಚ್ಚಿದ ನೀರನ್ನು ಎತ್ತಿ ಬಾಟಲಿಗೆ ತುಂಬಲು ಕಂಪನಿಯೊಂದು ಮುಂದೆ ಬಂದಿದೆ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಅಭ್ಯಾಸಬಲ, ನಾನೂ ತಟ್ಟಿದೆ. ಆದರೆ ನಿನ್ನೆ ಊಟಕ್ಕೆ ಕುಳಿತಾಗ ಮಗಳು ಏನೆಂದಳು? "ಅಪ್ಪಾ, ಆ ಪದರ ಕಡಲಲ್ಲೇ ಮುಗಿಯಲ್ಲ. ನಮ್ಮ ಬಾವಿಗಳ ಅಡಿಗೇ ಬಂದು ಸೇರುತ್ತೆ. ಅಲ್ಲಿ ಎಳೆದರೆ ಇಲ್ಲಿ ಉಪ್ಪಾಗುತ್ತೆ. ವೇದಿಕೆ ಮೇಲೆ ಇದನ್ನ ಹೇಳಿದರೆ ನನ್ನ ಕೆಲಸ ಹೋಗುತ್ತೆ."

ಅಯ್ಯೋ, ಅವಳು ಹೇಳಿದ್ದೆಂದು ಹೇಳಬಾರದಿತ್ತು. ಹೇಳಿಬಿಟ್ಟೆ. ಒಂದು ಗುಟ್ಟನ್ನೂ ಹಿಡಿಯದ ಬಾಯಿ ಇದು, ತೂತು ಬಿದ್ದ ಬಲೆ.

ಇವತ್ತು ಮನೆಯಿಂದ ಹೊರಡುವಾಗ ಅವಳು ಮತ್ತೆ ಎಚ್ಚರಿಸಿದಳು: "ಅಪ್ಪಾ, ಇವತ್ತು ಕೂಗಬೇಡ." ನೀವೇ ಯೋಚಿಸಿ ಸಭಿಕರೇ. ಕೂಗಬೇಡ ಎಂದಳು. ಮಾತಾಡಬೇಡ ಎಂದಳೇ?

ಮೈಕ್ ನಿಂತಿತು. ಅಧ್ಯಕ್ಷರೇ, ನೀವು ಕೈಸನ್ನೆ ಮಾಡಿದ್ದು ಕಂಡೆ. ಮೈಕಾಸುರನ ಕೈಯಿಂದ ಮೈಕನ್ನೇ ಕಿತ್ತುಕೊಂಡಿರಿ. ಆದರೂ ಕೂಗುವುದಿಲ್ಲ, ಮಗಳಿಗೆ ಮಾತು ಕೊಟ್ಟಿದ್ದೇನೆ. ನಿಧಾನವಾಗಿಯೇ ಕೇಳುತ್ತೇನೆ. ನಮ್ಮ ನೀರನ್ನು ಎಳೆದು, ನಮ್ಮ ಬಾವಿಗೆ ಉಪ್ಪು ಬರಿಸಿ, ಅದೇ ನೀರನ್ನು ನಮಗೇ ಮಾರುವುದಕ್ಕೆ ಚಪ್ಪಾಳೆಯೇ? ಗೋಡೆಯ ಹತ್ತಿರ ಇರುವವರಿಗೆ ಕೇಳಿಸಿತೇ? ಕೇಳಿಸಿದವರು ಕೈ ಎತ್ತಿ.

ಹಾಂ, ಮಂಜುಗಡ್ಡೆ ಕಾರ್ಖಾನೆಯವರದು ಒಂದು. ಬಲೆ ಹೆಣೆಯುವ ಅಕ್ಕಂದಿರು ಎರಡೂ ಕೈ ಎತ್ತಿದ್ದಾರೆ. ಆದರೆ ನೀವೆಲ್ಲ ನನ್ನ ಬೆನ್ನ ಹಿಂದೆ ಏನು ನೋಡುತ್ತಿದ್ದೀರಿ?

ಓ.

ವೇದಿಕೆಯ ಮೇಲೂ ಒಂದು ಕೈ ಎದ್ದಿದೆ. ಸನ್ಮಾನದ ಹೂಗುಚ್ಛ ಇನ್ನೂ ಆ ಕೈಯಲ್ಲೇ ಇದೆ.

ಕರೆದವರಿಗೂ, ಕೇಳಿದವರಿಗೂ, ಮೈಕ್ ಆರಿಸಿದವರಿಗೂ ನನ್ನ ಕೃತಜ್ಞತೆ. ಮಿಕ್ಕದ್ದನ್ನು ಗೊತ್ತಿರುವವಳು ಹೇಳಲಿ, ನಾನು ಕೂರುತ್ತೇನೆ. ನಮಸ್ಕಾರ.