ಕೆಳಗೆ ಬಿಟ್ಟದ್ದು

ಸಭೆಗೆ ಬಂದಿರುವ ಹಿರಿಯರೇ, ನೆರೆಹೊರೆಯವರೇ, ಮುಂದೆ ಕೂತಿರುವ ಅಕ್ಕ, ಮಗಳೇ — ಎಲ್ಲರಿಗೂ ನಮಸ್ಕಾರ.

ನನಗೆ ಭಾಷಣ ಬರುವುದಿಲ್ಲ. ಅವನು ನೀರಿಗಿಳಿದಾಗ ಮೇಲೆ ಹಗ್ಗ ಹಿಡಿದು ಕೂರುವುದು ನನ್ನ ಕೆಲಸ. ಅಕ್ಕ, ನಿನ್ನ ಗಂಡನನ್ನು ಅವನು ಅಂತಲೇ ಅನ್ನುತ್ತೇನೆ. ಅವರು ಅಂದರೆ ಯಾರೋ ಬೇರೆಯವರು ಅನ್ನಿಸುತ್ತೆ.

ಕೆರೆಯ ಮೇಲೆ ತೇಲುವ ನಮ್ಮ ಈ ಮನೆಗಳ ತಳ ನೋಡಿದವನು ಅವನೊಬ್ಬನೇ. ಮನೆ ತೇಲಿಸುವ ಡ್ರಮ್ಮು ಒಡೆಯಲಿ, ಕಟ್ಟಿಹಾಕುವ ಸರಪಳಿ ಸವೆಯಲಿ — ಎಲ್ಲಕ್ಕೂ ಅವನೇ ಬೇಕು. ಮಕ್ಕಳು ಮುಳುಗುಮಾವ ಅನ್ನುತ್ತಿದ್ದವು. "ಮುಳುಗೋದು ಯಾರಿಗೆ ಬರಲ್ಲ? ಮೇಲೇಳೋದು ಕಷ್ಟ, ಏಳುಮಾವ ಅನ್ನಿ" ಅಂತ ನಗುತ್ತಿದ್ದ.

ನಮ್ಮಲ್ಲಿ ಒಂದು ಮಾತಿದೆ — ಕೆಳಗೆ ಬಿಡು. ಸಾಬೂನು ನೀರು? ಕೆಳಗೆ ಬಿಡು. ಮಿಕ್ಕ ಬಣ್ಣ? ಕೆಳಗೆ ಬಿಡು. ಕಕ್ಕಸಿನ ಟ್ಯಾಂಕು ತುಂಬಿದೆ, ಖಾಲಿ ಮಾಡುವ ದೋಣಿಗೆ ಹೇಳಿಕಳಿಸಲು ಬೇಜಾರು — ಕೆಳಗೆ ಬಿಡು. ಈ ಮಾತು ಕಿವಿಗೆ ಬಿದ್ದರೆ ಅವನಿಗೆ ಮೈಯೆಲ್ಲ ಉರಿ. ಹೋದ ಸಲ ಇದೇ ಜಾಗದಲ್ಲಿ ನಿಂತು ಹೇಳಿದ: "ನಿಮಗದು ಕೆಳಗೆ. ನನಗದು ಮುಖಕ್ಕೆ."

ನಾವು — ನಕ್ಕೆವು. ಇದನ್ನು ಮುಂದಿನ ಸಭೆಯಲ್ಲಿ ನೋಡೋಣ ಅಂತ ಎದ್ದು ಹೋದೆವು. ಮುಂದಿನ ಸಭೆ — ಇದೇ.

ನಾವು ಬಿಟ್ಟ ಹೊಲಸನ್ನು ತಿಂದು ಕೆರೆಯಲ್ಲಿ ಕಳೆ ಕೊಬ್ಬಿತು. ಸರಪಳಿಗೆ ಸುತ್ತಿಕೊಂಡು, ನಾವೀಗ ಕೂತಿರುವ ಈ ಸಭಾಮನೆಯನ್ನೇ ವಾಲಿಸಿತು. ಬಿಡಿಸಲು ಇಳಿದ. ಹಗ್ಗ ಜಗ್ಗಿದ. ಎಳೆದೆ. ಓಡಿ ಬಂದವರೆಲ್ಲ ಸೇರಿ ಎಳೆದೆವು. ನೀರೊಳಗೆ ಕೈ ಹಾಕಿದೆ, ಇಷ್ಟು — ಮೊಣಕೈವರೆಗೆ. ನನ್ನ ಬೆರಳೇ ನನಗೆ ಕಾಣಲಿಲ್ಲ.

ಕೊನೆಗೆ ಬಂದ, ಉಸಿರಿಲ್ಲದೆ. ಕಾಲಿಗೆ ಸುತ್ತಿದ್ದ ಕಳೆಯನ್ನು ಅಕ್ಕ ಒಬ್ಬಳೇ ಕೂತು ಬಿಡಿಸಿದಳು. ಯಾರನ್ನೂ ಮುಟ್ಟಗೊಡಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಸುಳ್ಳು. ಮಾಡಿದ್ದು ನಾವು — ಉಂಡದ್ದು ಅವನು.

ನಿನ್ನೆ ಅವನ ಮಗಳು ಕೇಳಿದಳು: "ಮಾವ, ಇನ್ಮೇಲೆ ಕೆಳಗೆ ಯಾರು ಇಳೀತಾರೆ?" ಕಳೆ ಮತ್ತೆ ಬೆಳೆಯುತ್ತೆ. ಇಳಿಯಬೇಕಾದವನು ಇಲ್ಲೇ ಯಾರದೋ ಮನೆಯವನು.

ಅದಕ್ಕೇ ಬೆಳಿಗ್ಗೆ ಮನೆಮನೆಗೂ ಹೋಗಿ ಬೇಡಿಕೊಂಡಿದ್ದೆ — ಕೆಳಗೆ ಬಿಡುವ ಕೊಳವೆ ಮುಚ್ಚಿ ಸಭೆಗೆ ಬನ್ನಿ ಅಂತ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದೇ ಕಡೆ ಸೇರಬೇಡಿ, ಮನೆ ವಾಲುತ್ತೆ — ಅವನು ಬೈಯುತ್ತಿದ್ದ. ಮೌನದಲ್ಲಿ ಸ್ವಲ್ಪ ಕಿವಿಗೊಡಿ. ಸುತ್ತಲಿನ ಯಾವ ಮನೆಯಡಿಯಿಂದಾದರೂ ಸುರಿಯುವ ಸದ್ದು ಕೇಳಿಸಿದರೆ, ಆ ಮನೆಯವರು ಹೋಗಿ ಮುಚ್ಚಿ ಬನ್ನಿ.

ಅಲ್ಲಿಯವರೆಗೆ ನಾವು ನಿಂತೇ ಇರುತ್ತೇವೆ.